ಶೆಲ್ ಬದಲಿಸುವಾಗ

ಕಣ್ಣು ಹೋದ ಮೇಲೆ ಕಾಪುವಿನ ಕುಶಲಾ ಟೀಚರಿಗೆ ಪುಸ್ತಕ ಓದಿ ಹೇಳುವುದಕ್ಕೂ ಗಂಟೆ ಹೇಳುವುದಕ್ಕೂ ಇದ್ದದ್ದು ಒಂದೇ ಪುಟ್ಟ ಯಂತ್ರ. ಶೆಲ್ ಮುಗಿದು ಬದಲಿಸಿದಾಗಲೆಲ್ಲ ಅದರ ಗಡಿಯಾರ ಹನ್ನೆರಡಕ್ಕೆ ಮರಳುತ್ತಿತ್ತು. ಎರಡು ವರ್ಷದಿಂದ ಅವರು ಮನೆಕೆಲಸದ ರೇಣುಕವ್ವನ ಹತ್ತಿರ ಗಂಟೆ ಕೇಳಿ, ಗುಂಡಿ ಒತ್ತಿ ಒತ್ತಿ ಸರಿಪಡಿಸುತ್ತಿದ್ದರು. ಇವತ್ತು ಯಂತ್ರ ‘ಬ್ಯಾಟರಿ ಕಡಿಮೆ’ ಎಂದಾಗ ಸಾಕಾಗಿಹೋಗಿ, ಅದನ್ನು ಕೊಡಿಸಿದ್ದ ಮಣಿಪಾಲದ ಅಕ್ಷಿತಾಗೆ ಫೋನ್ ಮಾಡಿದರು.

“ಕರೆಂಟಿನ ವಯರ್ ಸಿಕ್ಕಿಸಿಟ್ಟೇ ಶೆಲ್ ಬದಲಿಸಿ ಟೀಚರ್, ಗಂಟೆ ಹೋಗುವುದಿಲ್ಲ. ನಾನು ಹೇಳಿದ್ದೆ, ಅಲ್ವಾ?”

“ಇಲ್ಲ ಮಾರಾಯ್ತಿ.”

ಹಾಗೆಯೇ ಮಾಡಿದರು. ಯಂತ್ರ ನಾಲ್ಕು ಹತ್ತು ಎಂದಿತು.

“ಗಂಟೆ ಎಷ್ಟು ರೇಣುಕವ್ವಾ?”

“ನಾಕು ಹತ್ತು ಆಗೇತ್ರಿ.”

ಕುಶಲಾರಿಗೆ ಸಂತೋಷವೇನೂ ಆಗಲಿಲ್ಲ. ಎರಡು ವರ್ಷದ ದಣಿವೆಲ್ಲ ಒಟ್ಟಿಗೇ ಮೈಗಿಳಿದಂತಾಗಿ, ಯಂತ್ರದಲ್ಲಿ ಪುಸ್ತಕ ಕೇಳದೆ ಮಲಗಿದರು.