ತಮ್ಮನಿಗೆ ತಿಳಿದ ದಿನ

ಜೈಲಿನ ಭೇಟಿ ಕೋಣೆಯಲ್ಲಿ ಜಾಲರಿಯ ಆಚೆ ಬಂದು ಕೂತಾಗಲೆಲ್ಲ ತಮ್ಮ ಕೇಳುತ್ತಿದ್ದದ್ದು ಒಂದೇ: "ಅಮ್ಮ ಯಾಕೆ ಬರ್ಲಿಲ್ಲ?"

"ಮಂಡಿನೋವು ಕಣೋ. ಬಸ್ ಹತ್ತೋಕಾಗಲ್ಲ," ಎನ್ನುತ್ತಿದ್ದಳು ಅಕ್ಕ. ಹೊಲಿಗೆ ಅಂಗಡಿಯಲ್ಲಿ ಕಾಡಿಬೇಡಿ ಅರ್ಧ ದಿನ ರಜೆ ಪಡೆದು ಬರುತ್ತಿದ್ದವಳಿಗೆ ಆ ಒಂದು ಸುಳ್ಳು ಗಂಟಲಲ್ಲಿ ಮುಳ್ಳಾಗಿತ್ತು.

ಅಮ್ಮ ಬದುಕಿಯೇ ಇರಲಿಲ್ಲ. ಅಮ್ಮನ ಮುಖ ಹೊತ್ತ ಬೇರೆ ಯಾರೋ ಮನೆ ಸೇರಿಕೊಂಡಿದ್ದಾಳೆ ಎಂದು ತಮ್ಮನ ಕಿವಿಯಲ್ಲಿ ದನಿಗಳು ಹೇಳಿದ್ದವು. ಅವನು ನಂಬಿ ಅಡುಗೆಮನೆಯ ಚಾಕು ಎತ್ತಿದ್ದ. ಆಮೇಲೆ ಹೊಸ್ತಿಲ ಮೇಲೆ ಕೂತು ನಿಜವಾದ ಅಮ್ಮನ ದಾರಿ ಕಾಯುತ್ತಿದ್ದ.

ಜೈಲಿಗೆ ಮನೋವೈದ್ಯೆ ಬರತೊಡಗಿದ ಮೇಲೆ ಮಾತ್ರೆ ಹಿಡಿಯಿತು. ತಮ್ಮ ಹೊತ್ತಿಗೆ ಸರಿಯಾಗಿ ಉಂಡ, ಪಕ್ಕದ ಕೈದಿಯ ಜೊತೆ ನಕ್ಕ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆದರೆ ವೈದ್ಯೆ ಅವಳನ್ನು ಪಕ್ಕಕ್ಕೆ ಕರೆದು, "ಇನ್ನು ನಡೆದದ್ದು ಅವನಿಗೆ ತಾನಾಗೇ ತಿಳಿಯುತ್ತಮ್ಮ. ಕೇಳಿದ್ರೆ ಸುಳ್ಳು ಹೇಳ್ಬೇಡಿ," ಎಂದರು.

ಮುಂದಿನ ಸಲ ಅವನು ತಲೆ ಬಾಚಿಕೊಂಡು ಬಂದಿದ್ದ.

"ಅಕ್ಕಾ, ಅದು ಅಮ್ಮನೇ ಅಲ್ವಾ?"

ಅಕ್ಕ ಹೌದೆಂದು ತಲೆಯಾಡಿಸಿದಳು.

"ನನ್ನ ಹೆಸರು ಹಿಡಿದು ಕೂಗ್ತಾನೇ ಇದ್ಲು." ಅವನ ದನಿ ಒಡೆಯಿತು. "ಮಾತ್ರೆ ಬಿಟ್ಬಿಡ್ತೀನಿ ಅಕ್ಕ. ತಲೆ ಕೆಟ್ಟಿದ್ದಾಗ ಅವಳು ಎಲ್ಲೋ ಇದ್ಲು. ಬರ್ತಾಳೆ ಅಂತ ಕಾಯ್ತಿದ್ದೆ."

ಬಿಡಲಿ ಪಾಪ ಎಂದು ಅವಳಿಗೂ ಒಂದು ಕ್ಷಣ ಅನ್ನಿಸಿತು. ಕೊಂದವನನ್ನು ನೋಡಲು ಹೋಗುತ್ತಾಳೆಂದು ನೆಂಟರೆಲ್ಲ ಅವಳಿಗೆ ಬೆನ್ನು ತಿರುಗಿಸಿದ್ದರು. ಅಮ್ಮ ಸತ್ತ ದುಃಖ ತೋಡಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ.

"ಬಿಡ್ಬೇಡ ಕಣೋ. ನೀನೂ ಹೋದ್ರೆ ಅಮ್ಮನಿಗೋಸ್ಕರ ಅಳೋಳು ನಾನೊಬ್ಳೇ ಆಗ್ತೀನಿ."

ಜಾಲರಿಯ ಈಚೆ ಆಚೆ ಇಬ್ಬರೂ ಅತ್ತರು. ಹೊತ್ತು ಮೀರಿದ್ದರೂ ಕಾವಲುಗಾರ ಗೋಡೆ ಕಡೆ ಮುಖ ಮಾಡಿ ನಿಂತ.

ಹೊರಗೆ ಬಂದವಳೇ ಎಲ್ಲವನ್ನೂ ವೈದ್ಯೆಗೆ ಹೇಳಿದಳು. ಜೀವಕ್ಕೆ ಏನಾದರೂ ಮಾಡಿಕೊಂಡಾನೆಂದು ಅವರು ಅಂದೇ ಅವನನ್ನು ಜೈಲಿನ ಆಸ್ಪತ್ರೆಗೆ ಸೇರಿಸಿ, ಕಣ್ಣಿಟ್ಟು ನೋಡಿಕೊಳ್ಳಲು ಒಬ್ಬರನ್ನು ಕೂರಿಸಿದರು.

ಅವನು ಮಾತ್ರೆ ಬಿಡಲಿಲ್ಲ. ಆದರೆ ಮೊದಲಿನಂತೆ ನಗಲೂ ಇಲ್ಲ. ಒಂದು ದಿನ ಮಾತ್ರ, "ಅಮ್ಮ ನನ್ನ ಕತ್ತೆ ಬಡವ ಅಂತ ಬೈತಿದ್ಲಲ್ಲ," ಎಂದ.

"ನನ್ನನ್ನೇನು ಬಿಡ್ತಿದ್ಲಾ?" ಎಂದಳು ಅಕ್ಕ.