ಕೆರೆ ಮಣ್ಣಿನ ಕೊಬ್ಬು

ಡೈರಿಯವರು ಹಾಲು ವಾಪಸ್ ಕೊಟ್ಟ ದಿನ ಪುಟ್ಟಗೌರಮ್ಮ ಇಡೀ ಕ್ಯಾನನ್ನು ಡೈರಿಯ ಬಾಗಿಲಲ್ಲೇ ಬೋರಲು ಹಾಕಿದಳು. ಅಲ್ಲಿಂದ ಬೆಳ್ಳೂರು ಕ್ರಾಸಿನವರೆಗೂ ನಡೆದುಕೊಂಡೇ ಹೋಗಿ, ಎಸ್‌ಟಿಡಿ ಬೂತಿನಿಂದ ಅಕ್ಕನ ಮಗಳು ಪ್ರಮೀಳಾಗೆ ಫೋನ್ ಮಾಡಿದಳು.

"ನನ್ನ ಹಾಲು ನಾರ್ತದಂತೆ ಕಣವ್ವ! ಫಿನಾಯಿಲ್ ಬೆರ್ಸಿದ್ದೀಯ ಅಂತ ಎಲ್ಲರ ಮುಂದೆ ಕೇಳ್ಬುಟ್ಟ ಆ ಸೆಕ್ರೆಟ್ರಿ. ಹಾಲಿಗೆ ನೀರೇ ಬೆರ್ಸಿದೋಳಲ್ಲ ನಾನು, ಫಿನಾಯಿಲ್ ಬೆರ್ಸ್ತೀನಾ? ನೀನು ಅದೇನೋ ಉಳಾಗಿಳಾ ಓದ್ತೀಯಲ್ಲ, ಬಂದು ನೋಡು. ಇಲ್ದಿದ್ರೆ ಅಷ್ಟೊಂದು ಓದಿದ್ದು ಯಾತಕ್ಕೆ?"

ಪ್ರಮೀಳಾ ಶೀಳನೆರೆಯ ಹುಡುಗಿ. ಶ್ರೀರಂಗಪಟ್ಟಣದಲ್ಲಿ ಹೊಳೆಯ ಪಕ್ಕದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರೇಟಿಗಾಗಿ ದುಡಿಯುತ್ತಿದ್ದಳು. ಅವಳು ಓದುತ್ತಿದ್ದದ್ದು ಹುಳವನ್ನಲ್ಲ, ಬ್ಯಾಕ್ಟೀರಿಯಾದ ಮೈಯನ್ನು ಸುತ್ತಿರುವ ತೆಳ್ಳನೆಯ ಕೊಬ್ಬಿನ ಪೊರೆಯನ್ನು. ಚಿಕ್ಕವ್ವನ ಮಾತು ಅವಳಿಗೆ ಚುಚ್ಚಿತು. ಮರುದಿನವೇ ಪಾಂಡವಪುರ, ನಾಗಮಂಗಲದ ಮೇಲೆ ಹೋಗುವ ಬಸ್ಸು ಹತ್ತಿ ಚಿಕ್ಕವ್ವನ ಊರು ಹೊನ್ನೇಕಟ್ಟೆಗೆ ಬಂದಳು.

ಅದು ತೊಂಬತ್ತಾರನೇ ಇಸವಿಯ ಬೇಸಿಗೆ. ಕೆರೆ ಅರ್ಧ ಇಳಿದಿತ್ತು. ನೀರು ನೋಡಿದರೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಅಂಚಿನ ಕೆಸರಿಗೆ ಕೈ ಹಾಕಿದ ಕೂಡಲೇ ಆಸ್ಪತ್ರೆಯ ನೆಲ ಒರೆಸುವ ವಾಸನೆ ಮೂಗಿಗೆ ಬಡಿಯಿತು. ಕೆರೆಯ ಮೇಲ್ಗಡೆ, ಗುಡ್ಡದ ತಪ್ಪಲಿನಲ್ಲಿ, ಪ್ಲೈವುಡ್ಡಿಗೆ ಅಂಟು ಮಾಡುವ ಕಾರ್ಖಾನೆ ಶುರುವಾಗಿ ಎರಡು ವರ್ಷವಾಗಿತ್ತು. ಅಂಟಿಗೆ ಫಿನಾಯಿಲ್ ವಾಸನೆಯ ಫೀನಾಲು ಎಂಬ ವಿಷ ಬೇಕು. ಮಿಕ್ಕ ಕೊಳಕು ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದು ಊರಿನವರಿಗೆಲ್ಲ ಗೊತ್ತಿತ್ತು.

"ಅರ್ಜಿ ಕೊಡಲಿಲ್ವಾ ಚಿಕ್ಕವ್ವ?"

"ಕೊಡ್ದೆ ಏನು? ಮಾಲಿನ್ಯ ಮಂಡಳಿಯೋರು ಜೀಪ್ನಲ್ಲಿ ಬಂದ್ರು, ಸೀಸೆಗೆ ನೀರು ತುಂಬ್ಕೊಂಡ್ರು, ನೀರು ಚೆಂದಾಗದೆ ಅಂತ ಬರ್ದು ಕಳ್ಸಿದ್ರು. ಜೀಪು ಬರೋದು ನಮಗಿಂತ ಮುಂಚೆ ಕಾರ್ಖಾನೆಯೋರಿಗೆ ಗೊತ್ತಾಯ್ತದೆ. ಅವತ್ತು ಪೈಪು ಬಂದ್, ಮೇಲ್ಗಡೆ ಕಟ್ಟೆ ತೂಬು ಎತ್ತಿ ಒಳ್ಳೆ ನೀರು ಬುಡ್ತಾರೆ."

ಪ್ರಮೀಳಾ ಹಲ್ಲು ಕಚ್ಚಿದಳು. ಒಂದು ದಿನ ಪೈಪು ಮುಚ್ಚಿ ನೀರನ್ನು ತೊಳೆಯಬಹುದು. ತಳದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾವನ್ನು ಹಾಗೆ ತೊಳೆಯಲು ಆಗುವುದಿಲ್ಲ. ಫೀನಾಲು ತಗುಲಿದಾಗ ಅವುಗಳ ಪೊರೆ ಸಡಿಲಾಗಿ, ಒಳಗಿನದ್ದೆಲ್ಲ ಹೊರಗೆ ಸೋರತೊಡಗುತ್ತದೆ. ಸಾಯಬಾರದು ಎಂದರೆ ಪೊರೆಯ ಡೊಂಕಾದ ಕೊಬ್ಬಿನ ಎಳೆಗಳನ್ನು ನೆಟ್ಟಗೆ ಮಾಡಿಕೊಂಡು, ಒಂದಕ್ಕೊಂದು ಒತ್ತಿ ನಿಲ್ಲಿಸಿಕೊಳ್ಳಬೇಕು. ಕೆಸರಿನಿಂದ ಕೊಬ್ಬು ತೆಗೆದು ನೋಡಿದರೆ, ಡೊಂಕು ಎಷ್ಟು, ನೆಟ್ಟಗಿನದು ಎಷ್ಟು ಎಂದು ಯಂತ್ರ ಹೇಳುತ್ತದೆ. ಅವಳು ಕೆರೆಯ ಕೆಸರನ್ನು ಗಾಜಿನ ಡಬ್ಬಿಗಳಿಗೆ ತುಂಬಿದಳು. ಹೋಲಿಸಿ ನೋಡಲು ಕಾರ್ಖಾನೆಗಿಂತ ಮೇಲಿದ್ದ ಸಣ್ಣ ಕಟ್ಟೆಯ ಕೆಸರನ್ನೂ ತೆಗೆದುಕೊಂಡಳು. ಎಲ್ಲವನ್ನೂ ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಂದ ಕೆಳಗಿಳಿಸದೆ ತಂದಳು.

ಲ್ಯಾಬಿನಲ್ಲಿ ಆ ವಾರವೆಲ್ಲ ಕ್ಲೋರೋಫಾರ್ಮಿನ ಘಾಟು. ಕೊನೆಗೆ ಯಂತ್ರದಿಂದ ಉದ್ದನೆಯ ಕಾಗದ ಹೊರಬಂತು. ಮೇಲಿನ ಕಟ್ಟೆಯ ಗೆರೆ ಸುಮ್ಮನೆ ಸಾಗಿತ್ತು. ಹೊನ್ನೇಕಟ್ಟೆ ಕೆರೆಯದರಲ್ಲಿ ನೆಟ್ಟಗಿನ ಕೊಬ್ಬಿನ ಜಾಗದಲ್ಲಿ ಗೆರೆ ಗೋಪುರದಂತೆ ಎದ್ದಿತ್ತು. ಮತ್ತೆ ಮಾಡಿ ನೋಡಿದಳು, ಹಾಗೆಯೇ ಬಂತು. ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ಮೈಯೆಲ್ಲ ಉರಿಯಿತು. ಆ ನೀರನ್ನೇ ಚಿಕ್ಕವ್ವನ ಎಮ್ಮೆಗಳು ಕುಡಿಯುತ್ತಿದ್ದವು.

ಅವಳ ಗೈಡು ಡಾ. ಕನಕರಾಜು. ಈ ವಿದ್ಯೆಯನ್ನು ಅವಳಿಗೆ ಕಲಿಸಿದವರೇ ಅವರು. ಕಾಗದವನ್ನು ಮೇಜಿನ ಮೇಲೆ ಹರಡಿದಾಗ ಅವರು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದಿಟ್ಟರು.

"ಚೆನ್ನಾಗಿದೆ. ಆದ್ರೆ ಇದನ್ನ ಥೀಸಿಸ್‌ಗೆ ಹಾಕೋದು ಬೇಡ."

"ಯಾಕೆ ಸರ್?"

"ನೋಡಮ್ಮ, ಬಿಸಿಲು ಹೆಚ್ಚಾದ್ರೂ ಪೊರೆ ಬದಲಾಗುತ್ತೆ. ಅದೂ ಅಲ್ಲದೆ ಆ ಕಾರ್ಖಾನೆಗೆ ನಾನು ಸಲಹೆಗಾರ. ಹೊಸ ಯಂತ್ರ ಕೊಡಿಸ್ತೀವಿ ಅಂದಿದ್ದಾರೆ. ನಿನ್ನಂಥವರು ಇನ್ನೂ ನಾಲ್ಕು ಜನ ಓದೋದು ಬೇಡ್ವಾ?"

ರಾತ್ರಿ ಹಗಲು ಯಾರ ಮಾತನ್ನು ವೇದದಂತೆ ಕೇಳಿದ್ದಳೋ, ಆ ಮನುಷ್ಯ ಯಂತ್ರದ ಆಸೆಗೆ ಒಂದು ಕೆರೆಯನ್ನು ಬಿಟ್ಟುಕೊಡುತ್ತಿದ್ದರು. ಪ್ರಮೀಳಾ ಕಾಗದ ಸುತ್ತಿಕೊಂಡು ಎದ್ದಳು. ಮಾರನೆಯ ದಿನ ಲ್ಯಾಬಿಗೆ ಹೋದರೆ ಯಂತ್ರದ ಕೋಣೆಗೆ ಬೀಗ ಬಿದ್ದಿತ್ತು.

ಹೊನ್ನೇಕಟ್ಟೆಯವರು ರಸ್ತೆ ತಡೆ ಮಾಡಿದ ಮೇಲೆ ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ತಹಸೀಲ್ದಾರರು ಸಭೆ ಕರೆದರು. ಕಾರ್ಖಾನೆಯ ಕಡೆಯಿಂದ ಮ್ಯಾನೇಜರ್ ಬಂದಿದ್ದ. ಅವನ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಕನಕರಾಜು ಕೂತಿದ್ದರು. ಪುಟ್ಟಗೌರಮ್ಮ ಹೆಂಗಸರ ಸಾಲಿನಲ್ಲಿದ್ದಳು, ಪ್ರಮೀಳಾ ಅವಳ ಪಕ್ಕದಲ್ಲಿ.

ಕನಕರಾಜು ಎದ್ದು ನಿಧಾನವಾಗಿ ಹೇಳಿದರು: "ನೀರಿನ ವರದಿ ಸರಿಯಾಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರು ಸ್ವಲ್ಪ ವಾಸನೆ ಬರೋದು ಸಹಜ. ಕೆರೆ ಆರೋಗ್ಯವಾಗಿದೆ."

ಪ್ರಮೀಳಾ ಎದ್ದು ನಿಂತಳು. ಪೇಟೆಯಲ್ಲಿ ಕಲಿತ ನಯವಾದ ಮಾತು ಅವಳ ನಾಲಿಗೆಗೆ ಬರಲಿಲ್ಲ.

"ಆರೋಗ್ಯವಾಗೈತಾ ಸರ್? ಕೆಸರು ನಾನು ತಂದಿವ್ನಿ. ಡಬ್ಬಿ ಮುಚ್ಚಳ ತೆಗೀತೀನಿ, ಮೂಸಿ ನೋಡಿ ಹೇಳಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಮ್ಯಾನೇಜರ್, "ಯಾರ್ರೀ ಈಕೆ?" ಎಂದ.

"ನನ್ನ ವಿದ್ಯಾರ್ಥಿ," ಎಂದರು ಕನಕರಾಜು. "ಪ್ರಮೀಳಾ, ಕೂತ್ಕೋ. ಬಿಸಿಲಿಗೂ ಹಾಗಾಗುತ್ತೆ ಅಂತ ಹೇಳಿದ್ದೀನಲ್ಲ."

"ಕಾರ್ಖಾನೆ ಮೇಲ್ಗಡೆ ಒಂದು ಕಟ್ಟೆ ಐತೆ. ಕೆಳ್ಗಡೆ ನಮ್ಮ ಕೆರೆ. ಎರಡಕ್ಕೂ ಅದೇ ಸೂರ್ಯ ತಾನೆ? ಮೇಲ್ಗಡೆ ಕೆಸರಿನ ಜೀವಕ್ಕೆ ಏನೂ ಆಗಿಲ್ಲ. ಕೆಳ್ಗಡೆ ಕೆಸರಿನ ಜೀವ ವಿಷ ಕುಡ್ದು, ಸಾಯ್ದೆ ಇರೋಕೆ ಮೈಯನ್ನೇ ಬದಲಾಯಿಸ್ಕೊಂಡೈತೆ. ಎಮ್ಮೆಗೆ ಅಂಗೆ ಬದಲಾಯಿಸ್ಕೊಳ್ಳೋಕೆ ಬರಲ್ಲ. ಮನುಷ್ಯರಿಗೂ ಬರಲ್ಲ. ಬಿಸಿಲು ನಮ್ಮ ಕೆರೆ ಮೇಲೆ ಮಾತ್ರ ಯಾಕೆ ಸುಡ್ತದೆ, ಈ ಜನಕ್ಕೆ ಹೇಳಿ ಸರ್!"

ಕನಕರಾಜು ಮ್ಯಾನೇಜರ್ ಕಡೆ ತಿರುಗಿ ನೋಡಿದರು. ಪುಟ್ಟಗೌರಮ್ಮ ಎದ್ದು, "ಹೇಳು ಕಣ್ಲಾ, ಯಾಕೆ ಸುಮ್ಕೆ ನಿಂತಿದ್ದೀಯ?" ಎಂದು ಕೂಗಿದಳು. ಆಮೇಲೆ ಯಾರ ಮಾತು ಯಾರಿಗೂ ಕೇಳಲಿಲ್ಲ. ಪೊಲೀಸರು ಬಂದು ಬಾಗಿಲಲ್ಲಿ ನಿಲ್ಲುವ ಮುಂಚೆ ತಹಸೀಲ್ದಾರರು, ಕೆರೆಗೆ ಬರುವ ಪೈಪನ್ನು ಕೂಡಲೇ ಮುಚ್ಚಬೇಕು ಎಂದು ಆದೇಶ ಮಾಡಿಯಾಗಿತ್ತು.

ಆ ವಾರವೇ ಪ್ರಮೀಳಾಗೆ ಕೇಂದ್ರದಿಂದ ಹೊರಗಿನ ದಾರಿ ತೋರಿಸಿದರು. ಶಿಸ್ತಿಲ್ಲದ ವಿದ್ಯಾರ್ಥಿಗೆ ಗೈಡ್ ಆಗಿರುವುದಿಲ್ಲ ಎಂದರಂತೆ ಕನಕರಾಜು. ಗಂಜಾಂನಲ್ಲಿದ್ದ ಬಾಡಿಗೆ ಕೋಣೆ ಖಾಲಿ ಮಾಡಿ ಶೀಳನೆರೆಗೆ ಬಂದಳು. ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೋದದ್ದು ಹೋಗಲಿ, ಕೆರೆ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಮಳೆಗಾಲ ಮುಗಿದ ಮೇಲೆ ಹೊನ್ನೇಕಟ್ಟೆಗೆ ಹೋದಾಗ ಆ ಸಮಾಧಾನವೂ ಹೋಯಿತು. ಕಾರ್ಖಾನೆಯ ಹೊಗೆ ಮೊದಲಿನಂತೆಯೇ ಏಳುತ್ತಿತ್ತು.

"ಕೊಳಕು ನೀರು ಈಗ ಎಲ್ಲಿಗೆ ಬುಡ್ತಾವ್ರೆ ಚಿಕ್ಕವ್ವ?"

ಪುಟ್ಟಗೌರಮ್ಮ ಎಮ್ಮೆಯ ಕೆಚ್ಚಲು ತೊಳೆಯುತ್ತ, ಮುಖ ಎತ್ತದೆ ಹೇಳಿದಳು: "ಗುಡ್ಡದ ಆ ಕಡೆ ಹಳ್ಳಕ್ಕೆ. ದೊಡ್ಡಬೋರೆಯೋರ ಹಳ್ಳ. ನಮ್ಮ ಕೆರೆ ಉಳ್ಕೊಳ್ತಲ್ಲ, ಬುಡು."

"ಬುಡು ಅಂತೀಯಾ?" ಪ್ರಮೀಳಾಳ ದನಿ ಏರಿತು. "ಅಲ್ಲಿ ಎಮ್ಮೆ ಇಲ್ವಾ? ಹಾಲು ಕುಡಿಯೋ ಮಕ್ಕಳಿಲ್ವಾ? ನಿನಗೋಸ್ಕರ ನನ್ನ ಓದು ಕಳ್ಕೊಂಡೆ. ನೀನು ಹಾಲು ಮಾರ್ಕೊಂಡು ಸುಮ್ಮನಿದ್ದೀಯ!"

"ನನ್ನ ಮೇಲೆ ಯಾಕೆ ರೇಗ್ತೀಯ? ಪೈಪು ನಾನು ತಿರುಗಿಸ್ದ್ನಾ?"

"ತಿರುಗಿಸೋವಾಗ ನೋಡ್ಕೊಂಡು ಕೂತಿದ್ರಿ, ಊರಿಗೆ ಊರೇ!"

ಅವಳು ಕಾಫಿಯನ್ನೂ ಕುಡಿಯದೆ ಹೊರಟು ಗುಡ್ಡ ಬಳಸಿ ದೊಡ್ಡಬೋರೆಗೆ ನಡೆದಳು. ಹಳ್ಳದ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಕುಳ್ಳಮ್ಮ ಎಂಬ ಮುದುಕಿಗೆ, ಬಂದವಳು ಯಾರೆಂದು ತಿಳಿದ ಕೂಡಲೇ ಕಣ್ಣು ಕೆಂಪಾದವು.

"ಓಹೋ, ನೀನೇನಾ ಮೀಟಿಂಗಲ್ಲಿ ಕೂಗಾಡ್ದೋಳು? ನಿಮ್ಮೂರಿನ ಕೊಳೆ ನಮ್ಮೂರಿಗೆ ಹೊಡೆಸ್ಬುಟ್ಟು ಈಗ ನೋಡೋಕೆ ಬಂದಿದ್ದೀಯ? ನಂದೊಂದು ಕರ ಸತ್ತೋಯ್ತು ಕಣೆ! ನಿನ್ನ ಓದಿಗೆ ಬೆಂಕಿ ಹಾಕ!"

ಪ್ರಮೀಳಾ ತಲೆ ತಗ್ಗಿಸಿ ನಿಂತಳು. ಆಗ ಹಿಂದಿನಿಂದ ಏದುಸಿರು ಕೇಳಿಸಿತು. ಪುಟ್ಟಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಇಳಿದು ಬಂದಿದ್ದಳು.

"ಬಯ್ಯೋದಾದ್ರೆ ನನ್ನ ಬಯ್ಯಮ್ಮ. ಈ ಹುಡುಗೀನ ಬಯ್ಬೇಡ. ಸುಮ್ಕೆ ಇದ್ದೋಳು ನಾನು."

ಕುಳ್ಳಮ್ಮ ಬಯ್ದಳು. ಸಾಕಾಗುವಷ್ಟು ಬಯ್ದಳು. ಪುಟ್ಟಗೌರಮ್ಮ ಒಂದಕ್ಕೂ ಎದುರಾಡಲಿಲ್ಲ. ಕೊನೆಗೆ ಕುಳ್ಳಮ್ಮನೇ ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಎಸೆದು, "ಬನ್ನಿ, ಪೈಪು ಎಲ್ಲೈತೆ ತೋರಿಸ್ತೀನಿ," ಎಂದು ಮುಂದೆ ನಡೆದಳು.

ಈ ಸಲ ಕೆಸರು ಬೆಂಗಳೂರಿನ ಗೆಳತಿಯೊಬ್ಬಳ ಲ್ಯಾಬಿಗೆ ಹೋಯಿತು. ಎರಡೂ ಊರಿನವರು ಒಟ್ಟಿಗೆ ಕೋರ್ಟಿಗೆ ಹೋದರು. ಜೀಪಿನವರು ಹೇಳದೆ ಬಂದು ಪೈಪಿನ ಬಾಯಿಂದಲೇ ನೀರು ಹಿಡಿಯಬೇಕೆಂದು ಕೋರ್ಟು ಹೇಳಿತು. ನೀರಿನ ವರದಿಯೂ ಕೆಸರಿನ ಕಾಗದವೂ ಒಂದೇ ಮಾತು ಹೇಳಿದವು. ಮರುವರ್ಷ ಕಾರ್ಖಾನೆಗೆ ಬೀಗ ಬಿತ್ತು. ಆದರೆ ಕುಳ್ಳಮ್ಮನ ಕರು ವಾಪಸ್ ಬರಲಿಲ್ಲ. ಹಳ್ಳದ ಕೆಸರು ಅದಾದ ಮೇಲೂ ಬಹಳ ಕಾಲ ನಾರುತ್ತಲೇ ಇತ್ತು.

ತೊಂಬತ್ತೆಂಟರಲ್ಲಿ ಒಮ್ಮೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಕನಕರಾಜು ಅವಳನ್ನು ನೋಡಿ ತಾವೇ ಹತ್ತಿರ ಬಂದರು. ಕೂದಲು ಪೂರಾ ನರೆತಿತ್ತು.

"ಪ್ರಮೀಳಾ, ಒಳ್ಳೆ ಕೆಲಸ ಮಾಡ್ದೆ ಕಣಮ್ಮ. ಆ ಕೆಸರಿನ ಫಲಿತಾಂಶ ಹಾಗೇ ಬಿಡಬಾರದು. ಇಬ್ಬರೂ ಸೇರಿ ಒಂದು ಪೇಪರ್ ಬರೆಯೋಣ. ನಿನ್ನ ಡಾಕ್ಟರೇಟೂ ಮುಗಿಸಬಹುದು."

ಅವಳು ಅವರ ಮುಖವನ್ನೇ ನೋಡಿದಳು. ಒಂದು ಕಾಲದಲ್ಲಿ ಈ ಮಾತಿಗೆ ಕಾಲಿಗೆ ಬೀಳುತ್ತಿದ್ದಳು.

"ನಿಮ್ಮ ಹೆಸರಿನ ಪಕ್ಕ ನನ್ನ ಹೆಸರು ಬೇಡ ಸರ್."

"ಇಷ್ಟು ದಿನ ಆಯ್ತು, ಇನ್ನೂ ಕೋಪಾನಾ?"

"ಹೂಂ ಸರ್. ಇನ್ನೂ ಕೋಪಾನೇ."

ಕೆ.ಆರ್. ಪೇಟೆಯ ಬಸ್ಸು ಬಂತು. ಅವಳು ಹತ್ತಿ, ಕಿಟಕಿಯ ಪಕ್ಕ ಕೂತು, ಮಾರನೆಯ ದಿನದ ಪಾಠದ ಪುಸ್ತಕ ತೆರೆದಳು.