ಬೈಲಿನಲ್ಲಿ ಹಗ್ಗ ಎಳೆದ ಮಳೆಗಾಲ

ಇನ್ನಂಜೆಯ ಬೈಲಿನಲ್ಲಿ ಭೋಜಣ್ಣನಿಗೂ ಅಲಿಯಬ್ಬ ಬ್ಯಾರಿಗಳಿಗೂ ಮಾತು ನಿಂತದ್ದು ಒಂದು ಹುಳದಿಂದ. ಭತ್ತದ ಎಲೆಯನ್ನು ಕತ್ತರಿಸಿ, ಸುರುಳಿ ಸುತ್ತಿ, ಅದರೊಳಗೆ ಕೂತು ಗದ್ದೆಯ ನೀರಿನಲ್ಲಿ ತೇಲಿಕೊಂಡು ಹೋಗುವ ಕೊಳವೆ ಹುಳ. ಎಪ್ಪತ್ತೆಂಟರ ಮಳೆಗಾಲದಲ್ಲಿ ಅದು ಕಂಡ ಕೂಡಲೇ ಮೇಲಿನ ಗದ್ದೆಯ ಬ್ಯಾರಿಗಳು ಬದು ಕಡಿದು ನೀರು ಬಿಟ್ಟರು. ನೀರಿನ ಜೊತೆ ಹುಳವೂ ಕೆಳಗೆ ಭೋಜಣ್ಣನ ಗದ್ದೆಗೆ ಇಳಿಯಿತು. ವಾರ ಕಳೆಯುವುದರೊಳಗೆ ನಟ್ಟ ನೇಜಿಯ ಸಸಿಯೆಲ್ಲ ಬೆಳ್ಳಗಾಯಿತು. ಭೋಜಣ್ಣ ಬದುವಿನ ಮೇಲೆ ನಿಂತು ಆಡಿದ ಮಾತುಗಳು ಅರ್ಧ ಊರಿಗೆ ಕೇಳಿಸಿದವು.

ಮುಂದಿನ ಮಳೆಗಾಲ ಬರುವ ಮೊದಲೇ ಭೋಜಣ್ಣನ ಮನೆಯಲ್ಲಿ ಅಕ್ಕಿ ಮುಗಿಯಿತು. ಕುಚ್ಚಲಕ್ಕಿ ಗಂಜಿಯ ಜಾಗಕ್ಕೆ ರೇಷನ್ ಗೋಧಿ ಬಂತು.

"ಇದನ್ನು ಉಣ್ಣುವುದಾ, ಗೋಡೆಗೆ ಹಚ್ಚುವುದಾ?" ಎಂದರು ಭೋಜಣ್ಣ ಬಟ್ಟಲು ನೋಡಿ.

"ಈ ಸಲವೂ ಹುಳ ಬಂದರೆ ಎಂತ ಮಾಡುವುದು ಮಾವ?" ಎಂದು ಕೇಳಿದಳು ಚಂಪಾ. ಅವಳು ಅವರ ತಂಗಿಯ ಮಗಳು, ಗದ್ದೆಯ ಕೆಲಸದಲ್ಲಿ ಅವರ ಬಲಗೈ.

"ಬ್ಯಾರಿಯಲ್ಲಿ ಕೇಳು."

ಸಿಟ್ಟಿನಲ್ಲಿ ಹೇಳಿದ ಮಾತಾದರೂ ಚಂಪಾ ನಿಜವಾಗಿಯೂ ಕೇಳಲಿಕ್ಕೆ ಹೋದಳು. ಅದಕ್ಕೂ ಮೊದಲು ಬನ್ನಂಜೆಯಲ್ಲಿ ಕೃಷಿ ಇಲಾಖೆಯವರು ನಡೆಸಿದ ತರಬೇತಿಗೆ ಹೋಗಿ ಬಂದಿದ್ದಳು.

ಬ್ಯಾರಿಗಳು ಜಗಲಿಯಲ್ಲಿ ಒಣಮೀನು ವಿಂಗಡಿಸುತ್ತಿದ್ದರು. ಹೆಂಡತಿ ಆಸ್ಯಾ ಚಹಾ ತಂದಿಟ್ಟರು.

"ಹುಳ ಬಂದ ಮೇಲೆ ಓಡಾಡಿ ಪ್ರಯೋಜನ ಇಲ್ಲ, ಬ್ಯಾರಿಗಳೇ," ಎಂದಳು ಚಂಪಾ. "ಈಗಲೇ ಎಲ್ಲ ತಯಾರು ಮಾಡಿಡಬೇಕು. ಸೀಮೆಎಣ್ಣೆಯಲ್ಲಿ ನೆನೆಸಿದ ಹಗ್ಗವನ್ನು ಪೈರಿನ ಮೇಲೆ ಎಳೆದರೆ ಹುಳ ನೀರಿಗೆ ಬೀಳುತ್ತದೆ. ಆಮೇಲೆ ನೀರು ಹೊರಗೆ ಹೋಗುವಲ್ಲಿ ಬಲೆ ಕಟ್ಟಿ ಹಿಡಿಯುವುದು. ಎರಡೂ ಗದ್ದೆಗೆ ಒಂದೇ ದಿನ ಮಾಡಬೇಕು."

ಹಗ್ಗ ಮತ್ತು ಹಳೆ ಬಲೆ ಬ್ಯಾರಿಗಳಿಗೆ ಕಷ್ಟದ್ದಲ್ಲ. ಎರ್ಮಾಳಿನ ಮೀನುಗಾರರಲ್ಲಿ ದಿನಾ ವ್ಯಾಪಾರ ಉಂಟು. ಸೀಮೆಎಣ್ಣೆಯದ್ದೇ ತೊಂದರೆ. ಅದಕ್ಕೆ ಆಸ್ಯಾ, "ನಮ್ಮ ಕಾರ್ಡಿನದ್ದರಲ್ಲಿ ಸ್ವಲ್ಪ ಉಳಿಸುತ್ತೇನೆ, ನೀನೂ ಸ್ವಲ್ಪ ಉಳಿಸು," ಎಂದರು.

"ಹಗ್ಗದ ಇನ್ನೊಂದು ತುದಿ ಹಿಡಿಯುವುದು ಯಾರು?" ಬ್ಯಾರಿಗಳು ಕೇಳಿದರು.

"ಮಾವ. ಆಸ್ಯಕ್ಕ ಮತ್ತು ನಾನು ಬಲೆಯ ಹತ್ತಿರ ಬೇಕಲ್ವಾ?"

ಬ್ಯಾರಿಗಳು ಒಂದು ಮೀನನ್ನು ಸುಮ್ಮನೆ ತಿರುಗಿಸಿ ನೋಡಿದರು. "ಮಾತಾಡಬೇಕಂತ ಇಲ್ಲ ತಾನೇ?"

"ಹಗ್ಗ ಹಿಡಿಯಲಿಕ್ಕೆ ಮಾತು ಬೇಡ."

ಮನೆಗೆ ಬಂದು ಮಾವನಿಗೂ ಇದನ್ನೇ ಹೇಳಿದಳು. ಗೋಧಿಯ ನೆನಪು ಇನ್ನೂ ಹಸಿಯಾಗಿತ್ತು, ಅವರು ಒಪ್ಪಿದರು.

ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಎಲೆಯ ಸುರುಳಿಗಳು ನೀರಿನ ಮೇಲೆ ಕಾಣಿಸಿಕೊಂಡವು. ಮರುದಿನ ಬೆಳಿಗ್ಗೆಯೇ ಭೋಜಣ್ಣ ಮತ್ತು ಬ್ಯಾರಿಗಳು ಮೇಲಿನ ಗದ್ದೆಯ ಆಚೆ ಈಚೆ ಬದುವಿನಲ್ಲಿ ಹಗ್ಗ ಹಿಡಿದು ನಿಂತರು.

"ಚಂಪಾ, ಆ ಕಡೆಯವರಿಗೆ ಸ್ವಲ್ಪ ನಿಧಾನ ನಡೆಯಲಿಕ್ಕೆ ಹೇಳು," ಎಂದರು ಭೋಜಣ್ಣ.

"ಈ ಕಡೆಯವರು ಸರಿಯಾಗಿಯೇ ನಡೆಯುತ್ತಿದ್ದಾರೆ. ಆ ಕಡೆಯವರು ಕಾಲು ಎತ್ತಿ ಇಡಲಿ ಅಂತ ಹೇಳಮ್ಮ," ಎಂದರು ಬ್ಯಾರಿಗಳು.

ಚಂಪಾ ಆ ಮಾತು ದಾಟಿಸಲಿಕ್ಕೆ ಹೋಗದೆ, ನೀರು ಹೊರಗೆ ಹೋಗುವಲ್ಲಿ ಗೂಟ ಹುಗಿದು ಬಲೆ ಕಟ್ಟಿದಳು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಹಗ್ಗ ಎಳೆದು ಮುಗಿದ ಮೇಲೆ ನೀರು ಬಿಟ್ಟರು. ಸುರುಳಿಗಳು ತರಗೆಲೆಯ ಹಾಗೆ ಬಂದು ಬಲೆಗೆ ಮೆತ್ತಿಕೊಂಡವು. ಆಸ್ಯಾ ಮತ್ತು ಚಂಪಾ ಬುಟ್ಟಿಯಲ್ಲಿ ಬಾಚಿದಷ್ಟೂ ಮತ್ತೆ ಬರುತ್ತಿದ್ದವು. ಬಲೆಯ ಕಣ್ಣು ಮುಚ್ಚಿ ನೀರಿನ ಒತ್ತಡ ಏರಿತು, ಒಂದು ಗೂಟ ಅಲುಗಾಡಿತು. ಅದು ಕಿತ್ತುಬಂದರೆ ಹುಳವೆಲ್ಲ ಕೆಳಗಿನ ಗದ್ದೆಗೆ.

"ಬ್ಯಾರಿಗಳೇ, ಆ ಗೂಟ ಹಿಡಿಯಿರಿ," ಎನ್ನುತ್ತಾ ಭೋಜಣ್ಣ ಕೆಸರಿಗೆ ಹಾರಿದರು. ಬ್ಯಾರಿಗಳೂ ಲುಂಗಿ ಎತ್ತಿಕೊಂಡು ಹಾರಿದರು. ಇಬ್ಬರೂ ಬಲೆಗೆ ಬೆನ್ನು ಕೊಟ್ಟು ಕೆಸರಿನಲ್ಲೇ ಕೂತರು.

ಸ್ವಲ್ಪ ಹೊತ್ತು ಕಳೆದು ಬ್ಯಾರಿಗಳೆಂದರು, "ಭೋಜಣ್ಣ, ನಿಮ್ಮ ಹುಳ ನನ್ನ ಅಂಗಿಯೊಳಗೆ ಹೋಯಿತು."

"ಅದು ನಿಮ್ಮ ಗದ್ದೆಯದ್ದು ಮಾರಾಯ್ರೆ."

ಆಸ್ಯಾ ಬುಟ್ಟಿ ಕೆಳಗಿಟ್ಟು ನಗಲಿಕ್ಕೆ ಶುರು ಮಾಡಿದರು. ಚಂಪಾಳಿಗೂ ತಡೆಯಲಾಗಲಿಲ್ಲ.

ಹುಳಗಳನ್ನು ಗುಂಡಿಯಲ್ಲಿ ಹೂತು, ಕೆಳಗಿನ ಗದ್ದೆಗೂ ಹಗ್ಗ ಎಳೆದು, ಎಲ್ಲರೂ ಬೈಲಿನ ಪಕ್ಕ ಹರಿಯುವ ತೋಡಿನಲ್ಲಿ ಕಾಲು ತೊಳೆದರು.

"ಹೋದ ವರ್ಷ ನೀರು ಬಿಡುವ ಮೊದಲು ನಿಮ್ಮನ್ನು ಕರೆಯಬೇಕಿತ್ತು," ಎಂದರು ಬ್ಯಾರಿಗಳು, ತೋಡಿನ ಕಡೆಗೇ ನೋಡುತ್ತಾ.

"ನಾನೂ ಅಷ್ಟೆಲ್ಲ ಹೇಳಬಾರದಿತ್ತು," ಎಂದರು ಭೋಜಣ್ಣ.

ಆದರೂ ಕೆಳಗಿನ ಗದ್ದೆಯ ಒಂದು ಮೂಲೆ ಬೆಳ್ಳಗಾಯಿತು. ಉಳಿದದ್ದು ಚೆನ್ನಾಗಿ ಬಂತು. ಎರಡೂ ಮನೆಗಳಲ್ಲಿ ಮುಂದಿನ ಆಟಿಯವರೆಗೆ ಅಕ್ಕಿ ಇತ್ತು. ಆ ಹೊತ್ತಿಗೆ ಬೈಲಿನ ಉಳಿದವರೂ ಚಂಪಾಳನ್ನು ಕೇಳಿಕೊಂಡು ಬರತೊಡಗಿದ್ದರು. ಯಾರ ಗದ್ದೆಗೆ ಯಾವ ದಿನ ಎಂದು ಅವಳೇ ನಿಶ್ಚಯಿಸಿದಳು. ಹಗ್ಗ ಹೊತ್ತುಕೊಂಡು ಇಬ್ಬರು ಹಿರಿಯರೂ ಹೊರಡುತ್ತಿದ್ದರು, ಯಾರ ನಡಿಗೆ ಸರಿ ಎಂದು ದಾರಿಯುದ್ದಕ್ಕೂ ವಾದ ಮಾಡಿಕೊಂಡು.